ಒಂದು ಕೋಯ್ತಾ ಎಂದರೆ ಎಷ್ಟು ಜನ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಸಣ್ಣ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರತೊಡಗಿದ್ದರಿಂದ ಕರಿ ಕೋಟು ಕಳಚಿ ಗೂಟಕ್ಕೆ ಹಾಕಿದೆ. ಸಿಂದಗಿಯ ವಕೀಲ ಮಿತ್ರರು ಶಾಲು ಹೊದಿಸಿದರು, ಹಾರ ಹಾಕಿದರು, ಈ ಮನುಷ್ಯ ಇನ್ನು ಎದುರುಪಕ್ಷಕ್ಕೆ ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊಗಳಿದರು ಕೂಡ. ಕಿರಿಯರಿಗೆ ನಾಲ್ಕು ಮಾತು ಹೇಳಿ ಎಂದಾಗ ಎರಡು ಹೇಳಿ ಕೂತೆ. ಚಹಾ ಕುಡಿಯುವಾಗ, ಬಸವನ ಬಾಗೇವಾಡಿಯಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ ಸುಮಂಗಲಾ ಎಂಬ ಹುಡುಗಿ ಹತ್ತಿರ ಬಂದಳು.

"ಸರ್, ನಿಮ್ಮ ಕೋಯ್ತಾ ಕೇಸಿನ ತೀರ್ಪು ಮೊನ್ನೆ ನಮ್ಮ ಕೋರ್ಟಿನ್ಯಾಗ ಓದಿ ತೋರಿಸಿದೆರಿ. ಕಬ್ಬು ಕಡಿಯೂ ಹೆಣ್ಮಗಳ ಕೇಸು. ಗೆದ್ದೆರಿ ಸರ್! ಅದನ್ನ ನೀವು ಹ್ಯಾಂಗ ಗೆದ್ರಿ, ಹೇಳ್ರಲ್ಲ."

"ಚಹಾ ಆರತೈತಿ, ಕುಡಿಯವ್ವಾ," ಎಂದು ಜಾರಿಕೊಂಡೆ. ಹುಡುಗಿಯ ಮುಖ ಸಣ್ಣದಾಯಿತು. ಅಂದು ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಓದಿದ ಮೇಲೆ ಇದರ ಸಹವಾಸವೇ ಬೇಡ ಎಂದು ಹೊಲ ಮನೆಯ ದಾವೆಗಳ ಕಡೆ ಹೊರಳಿದರೂ ನನ್ನ ತಕರಾರಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದುಡಿಯುವಾಗ ಕೈಯೋ ಕಾಲೋ ಕಣ್ಣೋ ಕಳೆದುಕೊಂಡವರಿಗೆ ಪರಿಹಾರ ಎಷ್ಟು, ಅದನ್ನು ಯಾರು ಕೊಡಬೇಕು ಎಂದು ಪರಿಹಾರ ಆಯುಕ್ತರು ತೀರ್ಮಾನಿಸುತ್ತಾರೆ. ನಾನು ಬಂದ ಹೊಸತರಲ್ಲಿ ಆಯುಕ್ತರೆಂದರೆ ವಿಜಯಪುರದಲ್ಲಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ. ಇಂಡಿಯವರಾಗಲಿ ಮುದ್ದೇಬಿಹಾಳದವರಾಗಲಿ ಮುರಿದ ಕಾಲು ಎಳೆದುಕೊಂಡು ಅಲ್ಲಿಗೇ ಬರಬೇಕಿತ್ತು. ಆಮೇಲೆ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಯಿತು, ಆಯುಕ್ತರೆಂಬ ಹೆಸರು ಹಾಗೇ ಉಳಿಯಿತು, ಊರ ಹತ್ತಿರವೇ ವಿಚಾರಣೆ ನಡೆಯತೊಡಗಿತು. ಆ ತೀರ್ಪು ಹಿಡಿಸದವರು ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಹಿಡಿಸದವರು ಬಹುಮಟ್ಟಿಗೆ ವಿಮಾ ಕಂಪನಿಯವರೇ ಆಗಿರುತ್ತಿದ್ದರು. ಬಡವನಿಗೆ ಕಡಿಮೆ ಬಂದರೆ ಅವನು ಮೇಲ್ಮನವಿ ಹಾಕುವುದಿಲ್ಲ, ಹಣೆ ಬಡಿದುಕೊಂಡು ಮನೆಗೆ ಹೋಗುತ್ತಾನೆ.

ಮೇಲ್ಮನವಿಯಲ್ಲಿ ಸಾಕ್ಷಿಗಳಿರುವುದಿಲ್ಲ. ಗಾಯಗೊಂಡವನ ಮುಖವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಅದೂ ಕಾನೂನಿನ ಮಹತ್ವದ ಪ್ರಶ್ನೆಯೊಂದು ಎದ್ದರಷ್ಟೇ ಹೈಕೋರ್ಟು ಕೈಹಾಕಬೇಕು. ಏನು ನಡೆಯಿತು, ಹೇಗೆ ನಡೆಯಿತು ಎಂಬುದೆಲ್ಲ ಕೆಳಗೇ ಮುಗಿದ ಮಾತು. ಇದನ್ನು ನೀವು ಕಾಲೇಜಿನಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಅದರ ನಿಜವಾದ ಅರ್ಥ ಗೊತ್ತಾಗಲು ಒಂದೆರಡು ಕೇಸಾದರೂ ಹೊಟ್ಟೆ ಉರಿಸಬೇಕು.

ನನ್ನ ಗುರುಗಳು ವಿಜಯಪುರದ ಗುರುಪಾದಪ್ಪ ವಕೀಲರು. ಬಾಯಿ ಬಹಳ ಒರಟು. ನಾನು ಅವರ ಕಚೇರಿ ಸೇರಿದ ಹೊಸತರಲ್ಲಿ ಮುದ್ದೇಬಿಹಾಳದ ಒಬ್ಬ ಹಮಾಲನ ಅರ್ಜಿ ತಯಾರಿಸಿದ್ದೆ. ಒಟ್ಟಿದ ಚೀಲಗಳ ಥಪ್ಪಿ ಕುಸಿದು ಭುಜ ಮುರಿದಿತ್ತು. ಬಲಗೈ ಮೇಲೇಳದೆ ಅವನ ಬದುಕು ಹೇಗೆ ಕತ್ತಲಾಯಿತು ಎಂದು ಪುಟಗಟ್ಟಲೆ ಬರೆದಿದ್ದೆ, ನನ್ನ ಭಾಷೆಗೆ ನಾನೇ ಮರುಳಾಗಿದ್ದೆ. ಗುರುಗಳು ಅದನ್ನು ಬದಿಗಿಟ್ಟು ಹಮಾಲನಿಗೆ ಚಹಾ ತರಿಸಿದರು. ಅವನು ಬಲಗೈಯಲ್ಲಿ ಕಪ್ಪು ಎತ್ತಿ ಸೊರ್ರನೆ ಕುಡಿದ.

"ಏ ತಮ್ಮಾ, ಯಾವ ಕೈ ಅಂತ ಬರದಿ?" ಎಂದು ಗುರುಗಳು ಕೇಳಿದರು.

ಮುರಿದದ್ದು ಎಡ ಭುಜ. ನನ್ನ ಎದುರಿಗೆ ಕೂತು ತೋರಿಸಿದ್ದನಲ್ಲ, ನನಗೆ ಅದು ಬಲ ಭುಜವಾಗಿ ಕಂಡಿತ್ತು. "ಕಾಗದ ಆಮ್ಯಾಲೆ. ಮೊದಲ ಮನಷ್ಯಾನ್ನ ನೋಡೂದು ಕಲಿ," ಎಂದು ಗುರುಗಳು ಇಡೀ ಕಚೇರಿಗೆ ಕೇಳುವಂತೆ ಹೇಳಿದರು. ಹಮಾಲ ಪಾಪ ನನ್ನ ಪರ ವಹಿಸಿ, "ಇರ್ಲಿ ಬಿಡ್ರಿ, ಎರಡೂ ಕೈ ನನ್ನವ ಅದಾವ," ಎಂದ. ಕೆಳಗಿನ ಕೋರ್ಟಿನಲ್ಲಿ ಬರೆಸದೆ ಬಿಟ್ಟದ್ದು ಮೇಲಿನ ಕೋರ್ಟಿಗೆ ಇಲ್ಲವೇ ಇಲ್ಲ, ಬರೆಸಿದ್ದನ್ನು ಅಳಿಸಲು ಅಲ್ಲಿ ಯಾರಿಗೂ ಬರುವುದಿಲ್ಲ ಎಂದು ಸಂಜೆ ತಣ್ಣಗಾದ ಮೇಲೆ ತಿಳಿಸಿ ಹೇಳಿದರು. ಆ ಮಾತಿನ ಎರಡನೇ ಅರ್ಧ ನನಗೆ ಬಹಳ ತಡವಾಗಿ ತಟ್ಟಿತು.

ಆಗ ಮೇಲ್ಮನವಿ ಎಂದರೆ ಬೆಂಗಳೂರು. ರೈಲಿನಲ್ಲಿ ಕೂತು ಸೊಂಟ ಹಿಡಿಸಿಕೊಂಡು ಹೋದರೆ, 'ಮುಂದಿನ ವಾರ' ಎನ್ನುತ್ತಿದ್ದರು. ಕಲಬುರಗಿಗೆ ಪೀಠ ಬಂದ ಮೇಲೆ ಸಿಂದಗಿಯಿಂದ ಬೆಳಿಗ್ಗೆ ಬಸ್ಸು ಹತ್ತಿ, ಜೇವರ್ಗಿ ದಾಟಿ, ಕೋರ್ಟು ಕೂರುವ ಹೊತ್ತಿಗೆ ಮುಟ್ಟುತ್ತಿದ್ದೆ. ದೂರ ಕಡಿಮೆಯಾಯಿತು. 'ಮುಂದಿನ ವಾರ' ಮಾತ್ರ ನಮ್ಮ ಜತೆಗೇ ಕಲಬುರಗಿಗೂ ಬಂತು.

ಮನಗೂಳಿಯ ಲಾರಿ ಡ್ರೈವರ್ ಮಹಾದೇವಪ್ಪನ ಕೇಸು ಅಲ್ಲೇ ನಡೆದದ್ದು. ಅಪಘಾತದಲ್ಲಿ ಎಡ ಮೊಣಕಾಲು ಬಿಗಿದುಹೋಗಿ ಕ್ಲಚ್ ತುಳಿಯಲು ಬರುತ್ತಿರಲಿಲ್ಲ. ಡಾಕ್ಟರು ಕಾಲನ್ನು ಅಳೆದು ಇಷ್ಟು ಶೇಕಡಾ ಊನ ಎಂದಿದ್ದರು. ಕಾಲು ಎಷ್ಟು ಹೋಗಿದೆ ಎಂಬುದು ಬೇರೆ, ಗಳಿಕೆ ಎಷ್ಟು ಹೋಗಿದೆ ಎಂಬುದು ಬೇರೆ, ಕ್ಲಚ್ ತುಳಿಯದವನು ಡ್ರೈವರೇ ಅಲ್ಲ ಎಂದು ಆಯುಕ್ತರು ಪೂರ್ತಿ ಗಳಿಕೆ ಹೋಯಿತೆಂದು ಬರೆದರು. ಸರಿಯಾಗಿಯೇ ಬರೆದರು. ವಿಮಾ ಕಂಪನಿ ಮೇಲ್ಮನವಿ ಹಾಕಿತು. ಅವರ ವಕೀಲರು ಮೆತ್ತಗೆ, "ಕೂತು ಮಾಡುವ ಕೆಲಸ ಮಾಡಬಹುದಲ್ಲ, ಸ್ವಾಮಿ. ಉದಾಹರಣೆಗೆ ಒಂದು ಪಾನ್ ಅಂಗಡಿ," ಎಂದರು. ಪರಿಹಾರ ಅರ್ಧಕ್ಕಿಂತ ಕೆಳಗಿಳಿಯಿತು. ಸಂಗತಿಗಳು ಕೆಳಗೇ ಮುಗಿದವು ಎನ್ನುತ್ತಿದ್ದ ಕೋರ್ಟಿಗೆ ಅಂದು ಶೇಕಡಾ ಎಷ್ಟು ಎಂಬುದೇ ಕಾನೂನಿನ ಪ್ರಶ್ನೆಯಾಗಿ ಕಂಡಿತು.

ತೀರ್ಪನ್ನು ತಿಳಿಸಿ ಹೇಳಿದಾಗ ಮಹಾದೇವಪ್ಪ ಬಿಗಿದ ಕಾಲನ್ನು ಬೆಂಚಿನ ಮೇಲೆ ಉದ್ದಕ್ಕೆ ಚಾಚಿ ಕೂತು ಕೇಳಿದ. "ಆ ಅಂಗಡಿ ಎಲ್ಲೈತ್ರಿ ಸಾಹೇಬ್ರ? ನಾಳಿಂದ ಹೋಗಿ ಕುಂದರ್ತೇನಿ."

ಆಮೇಲೆ ನಾನು ಲಕ್ಷ್ಯಗೊಟ್ಟು ಗಮನಿಸಿದೆ. ಕಾಲು ಹೋದವರು, ಬೆನ್ನು ಮುರಿದವರು, ಒಂದು ಕಣ್ಣಿನವರು, ಎಲ್ಲರಿಗೂ ಹೈಕೋರ್ಟಿನಲ್ಲಿ ಒಂದೊಂದು ಪಾನ್ ಅಂಗಡಿ ತೆರೆಯುತ್ತಿತ್ತು. ನಾನು ಅಲ್ಲಿ ಕಂಡಷ್ಟು ಪಾನ್ ಅಂಗಡಿಗಳು ನಮ್ಮ ಇಡೀ ಜಿಲ್ಲೆ ಹುಡುಕಿದರೂ ಇರಲಿಕ್ಕಿಲ್ಲ. ಕಿರಿಯರು ಇದಕ್ಕೆ ಉತ್ತರ ಕೆಳಗಿನ ಕೋರ್ಟಿನಲ್ಲೇ ಬರೆಸಿಡಬೇಕು. ಅವನಿಗೆ ಬೇರೆ ಯಾವ ಕೆಲಸ ಬರುತ್ತದೆ, ಬರುವುದಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಬೇಕು.

ಇನ್ನು ಸುಮಂಗಲಾ ಕೇಳಿದ ಕೇಸು.

"ನನ್ನ ಮ್ಯಾಲ ಒಂದು ಕೇಸ್ ಹಾಕ್ರಿ ವಕೀಲ್ರ," ಎನ್ನುತ್ತಲೇ ದೇವಣಗಾಂವದ ಭೀಮಣ್ಣ ನನ್ನ ಕಚೇರಿಗೆ ಬಂದ. ತನ್ನ ಮೇಲೆ ತಾನೇ ಕೇಸು ಕೇಳಿಕೊಂಡು ಬರುವವರು ನಮ್ಮ ಕೆಲಸದಲ್ಲಿ ಇರುತ್ತಾರೆ, ಗಾಬರಿಯಾಗಬೇಡಿ. ಭೀಮಣ್ಣ ಕಬ್ಬು ಕಡಿಯುವ ಟೋಳಿಯ ಮುಕಾದಮ. ಊರೂರು ತಿರುಗಿ ಕಡಿಯುವವರನ್ನು ಕೂಡಿಸಿ, ಅವರಿಗೆ ಮುಂಗಡ ಕೊಟ್ಟು, ಹಂಗಾಮು ಮುಗಿಯುವವರೆಗೆ ಅವರ ಜತೆಗೇ ಗದ್ದೆಯಲ್ಲಿ ಬಿಡಾರ ಹೂಡುವವನು. ಅವನ ಹಿಂದೆ ಅವನ ತಂಗಿ ನೀಲವ್ವ, ಇಂಡಿ ತಾಲ್ಲೂಕಿನ ಹಳ್ಳಿಗೆ ಕೊಟ್ಟವಳು, ಅವಳ ಗಂಡ ಶರಣಪ್ಪ ನಿಂತಿದ್ದರು. ನೀಲವ್ವ ಸೆರಗನ್ನು ಬಲ ಮೊಣಕೈ ಮೇಲೆ ಸುತ್ತಿಕೊಂಡಿದ್ದಳು. ಮೊಣಕೈ ಕೆಳಗೆ ಕೈ ಇರಲಿಲ್ಲ.

ಕಬ್ಬಿನ ಹೆಡೆ, ಅಂದರೆ ಕಟ್ಟು, ಹೊತ್ತು ಹಲಗೆ ಏರಿ ಟ್ರೇಲರಿಗೆ ಹಾಕುವಾಗ ಟ್ರೇಲರಿನ ಕಬ್ಬಿಣದ ಬಾಗಿಲು ಕಳಚಿ ಕೈ ಮೇಲೆ ಬಿದ್ದಿತ್ತು. ಭೀಮಣ್ಣನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ.

"ನಾ ಟೋಳಿಗೆ ವಿಮಾ ಮಾಡಿಸೇನ್ರಿ," ಎಂದ. "ನೀವು ನನ್ನ ಮ್ಯಾಲ ಕೇಸ್ ಹಾಕ್ರಿ, ನಾ ಕಟಕಟಿಗೆ ಬಂದು ಎಲ್ಲಾ ಹೌದು ಅಂತೇನಿ. ರೊಕ್ಕ ವಿಮಾದವರು ಕೊಡ್ತಾರ."

"ಅಣ್ಣನ ಮ್ಯಾಲ ಹ್ಯಾಂಗ ಕೇಸ್ ಹಾಕ್ಲಿರಿ? ಊರ ಮಂದಿ ಏನಂದಾರು?" ಎಂದಳು ನೀಲವ್ವ.

"ಏ ಹುಚ್ಚಿ, ಹೆಸರಿಗಷ್ಟ. ನಾ ನಿನ್ನ ಕೈ ಅಂತೂ ತಂದು ಕೊಡಾಕ ಆಗೂದಿಲ್ಲ. ಇಷ್ಟರೆ ಮಾಡ್ತೇನಿ, ಸುಮ್ನಿರು."

ಅವನ ಒತ್ತಾಯಕ್ಕೆ ಅವಳು ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಅಣ್ಣನ ಮುಖ ನೋಡಲಿಲ್ಲ.

ಇಲ್ಲಿ ಕೋಯ್ತಾದ ವಿಷಯ ಹೇಳಬೇಕು. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಟೋಳಿಯ ಎಣಿಕೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೋಯ್ತಾ. ಗಂಡ ಕಡಿಯುತ್ತಾನೆ. ಹೆಂಡತಿ ಕಬ್ಬಿನ ಒಣ ಎಲೆ, ಆ ರವದಿ, ಸುಲಿದು, ಹೆಡೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸುತ್ತಾಳೆ. ಕರಾರು ಕೋಯ್ತಾ ಲೆಕ್ಕದಲ್ಲಿ, ಮುಂಗಡ ಕೋಯ್ತಾ ಲೆಕ್ಕದಲ್ಲಿ, ಕೂಲಿಯೂ ಹಾಗೆಯೇ, ಅದೂ ಗಂಡನ ಕೈಗೆ. ಜತೆಯಿಲ್ಲದೆ ಒಬ್ಬನೇ ಬಂದ ಗಂಡಸನ್ನು ಅರ್ಧ ಕೋಯ್ತಾ ಎನ್ನುತ್ತಾರೆ. ಹೆಂಗಸು ಒಬ್ಬಳೇ ಬಂದರೆ ಏನೆನ್ನುತ್ತಾರೆ ಎಂದು ಭೀಮಣ್ಣನನ್ನೇ ಕೇಳಿದೆ. "ಹಂಗ ಬರೂದಿಲ್ರಿ," ಎಂದ. ಇದರಲ್ಲಿ ಮೋಸವಿದೆ ಎಂದು ಅವರಲ್ಲಿ ಯಾರಿಗೂ ಅನಿಸಿದಂತಿರಲಿಲ್ಲ. ಅವರ ಅಪ್ಪಂದಿರೂ ಹಾಗೇ ಎಣಿಸಿದ್ದರು.

ಸಕ್ಕರೆ ಕಾರ್ಖಾನೆಯನ್ನೂ ಪ್ರತಿವಾದಿ ಮಾಡಿದ್ದೆವು. ಕಬ್ಬು ನಮ್ಮ ಅಂಗಳದಲ್ಲಿ ತೂಕವಾಗುವವರೆಗೆ ರೈತನದು, ಕಡಿಯುವವರು ಯಾರೋ ನಮಗೆ ಗೊತ್ತಿಲ್ಲ ಎಂದು ಅವರು ಕೈ ತೊಳೆದುಕೊಂಡರು. ಭೀಮಣ್ಣ ಮಾತಿಗೆ ತಪ್ಪಲಿಲ್ಲ. ಒಗೆದ ಅಂಗಿ ತೊಟ್ಟು ಬಂದು, ನೀಲವ್ವ ನನ್ನ ಟೋಳಿಯಲ್ಲಿ ದುಡಿಯುತ್ತಿದ್ದಳು, ದುಡಿಯುವಾಗಲೇ ಕೈ ಹೋಯಿತು ಎಂದು ಎದೆ ಮುಟ್ಟಿಕೊಂಡು ಹೇಳಿದ. ವಿಮಾ ಕಂಪನಿಯ ವಕೀಲರು ಎದ್ದರು. ಬೆದರಿಸುವ ಜನವಲ್ಲ ಅವರು, ನೆಂಟರ ಮನೆಯಲ್ಲಿ ಯೋಗಕ್ಷೇಮ ವಿಚಾರಿಸಿದಂತೆ ಕೇಳಿದರು.

"ಟೋಳಿಯೊಳಗ ಎಷ್ಟ ಮಂದಿ ಇದ್ರು, ಭೀಮಣ್ಣ?"

"ಇಪ್ಪತ್ತ ಕೋಯ್ತಾರಿ."

"ಅಂದ್ರ ಇಪ್ಪತ್ತ ಮಂದಿ?"

"ಮಂದಿ ನಲವತ್ತರಿ. ಲೆಕ್ಕ ಇಪ್ಪತ್ತು."

"ವಿಮಾ ಎಷ್ಟಕ್ಕ ಮಾಡಿಸಿದ್ರಿ?"

"ಲೆಕ್ಕಕ್ಕರಿ. ಇಪ್ಪತ್ತಕ್ಕ. ಒಂದ ಕೋಯ್ತಾನೂ ಬಿಟ್ಟಿಲ್ಲ ನಾ," ಎಂದ ಭೀಮಣ್ಣ, ಪ್ರಾಮಾಣಿಕ ಮನುಷ್ಯನ ಗತ್ತಿನಲ್ಲಿ.

ವಕೀಲರು ಧನ್ಯವಾದ ಹೇಳಿ ಕೂತುಬಿಟ್ಟರು. ಟೈಪಿಸ್ಟು ಅಷ್ಟನ್ನೂ ಬಡಿದು ಮುಗಿಸಿದ್ದ. ಬರೆಸಿದ್ದನ್ನು ಇನ್ನು ಅಳಿಸುವಂತಿರಲಿಲ್ಲ. ಭೀಮಣ್ಣ ಕಟಕಟೆಯಿಂದ ಇಳಿದು ಬಂದು, "ಸರಿ ಹೇಳಿದೆನಲ್ರಿ?" ಎಂದು ಕೇಳಿದ. ಸುಳ್ಳು ಹೇಳಲಿಲ್ಲವಲ್ಲ, ಸರಿಯಾಗಿಯೇ ಹೇಳಿದೆ ಎಂದೆ.

ಆದರೂ ಆಯುಕ್ತರು ನೀಲವ್ವನ ಪರವಾಗಿ ಬರೆದರು. ಬಲಗೈ ಇಲ್ಲದ ಕೂಲಿ ಹೆಣ್ಣುಮಗಳ ಗಳಿಕೆ ಪೂರ್ತಿ ಹೋದಂತೆಯೇ ಸರಿ, ಕಾರ್ಖಾನೆಗೆ ಸಂಬಂಧವಿಲ್ಲ, ಮುಕಾದಮನೇ ಮಾಲೀಕ, ಅವನ ಪರವಾಗಿ ವಿಮಾ ಕಂಪನಿ ಕೊಡಬೇಕು. ಭೀಮಣ್ಣ ಪೇಢೆ ತಂದ. ನೀಲವ್ವ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಪೇಢೆ ಕರಗುವ ಮೊದಲೇ ಕಂಪನಿ ಕಲಬುರಗಿಗೆ ಹೋಗಿ ತಡೆಯಾಜ್ಞೆ ತಂದಿತು. ಕಾರ್ಖಾನೆಯನ್ನು ಬಿಟ್ಟದ್ದು ತಪ್ಪು ಎಂದು ನಾವೂ ಅದರಲ್ಲೇ ಆಕ್ಷೇಪ ಹಾಕಿದೆವು.

ಮೇಲ್ಮನವಿ ಕೂತಿತ್ತು, ನೀಲವ್ವನ ಸಂಸಾರ ಕೂರುವಂತಿರಲಿಲ್ಲ. ಶರಣಪ್ಪ ಅರ್ಧ ಕೋಯ್ತಾ ಆಗಿದ್ದ, ಮುಂಗಡವೂ ಅರ್ಧ. ಎರಡನೇ ಹಂಗಾಮಿಗೆ ಅವರ ಮಗಳು ಶಾಲೆ ಬಿಟ್ಟು ಅಪ್ಪನ ಹಿಂದೆ ಹೆಡೆ ಕಟ್ಟಲು ಹೋದಳು. ಕೋಯ್ತಾ ಮತ್ತೆ ಪೂರ್ತಿಯಾಯಿತು. ಇದನ್ನು ಹೇಳುವಾಗ ನೀಲವ್ವ ಅಳಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದಂಥ ಸಿಟ್ಟು. ಆ ಸಿಟ್ಟು ಈಗಲೂ ಹಾಗೇ ಇದೆ.

ವಾದದ ದಿನ ಅವಳು ಹಟ ಹಿಡಿದು ಕಲಬುರಗಿಗೆ ಬಂದಳು. ಹಿಂದಿನ ಬೆಂಚಿನಲ್ಲಿ ಸೆರಗು ಸುತ್ತಿಕೊಂಡು ಕೂತಳು. ಕರಾರು ಗಂಡನದು, ಕೂಲಿ ಪಡೆದವನು ಗಂಡ, ಹೊಲಕ್ಕೆ ಬುತ್ತಿ ಒಯ್ದ ಹೆಂಡತಿ ಅಷ್ಟು ಹೊತ್ತು ಗಂಡನಿಗೆ ನೆರವಾದರೆ ಕೆಲಸಗಾರ್ತಿ ಆಗುವುದಿಲ್ಲ ಎಂದು ಕಂಪನಿಯವರು ವಾದಿಸಿದರು. ನನ್ನ ಸರದಿ ಬಂದಾಗ ಹೇಳಿದೆ: ಕಡಿದ ಕಬ್ಬನ್ನು ಕಟ್ಟಿ ಹೊತ್ತು ಏರಿಸದಿದ್ದರೆ ಅದು ಗದ್ದೆಯಲ್ಲೇ ಒಣಗುತ್ತದೆ, ಯಾರೂ ಅದಕ್ಕೆ ಕೂಲಿ ಕೊಡುವುದಿಲ್ಲ. ಇಬ್ಬರ ಕೆಲಸಕ್ಕೆ ಒಂದು ಹೆಸರಿಟ್ಟ ಮಾತ್ರಕ್ಕೆ ದುಡಿದವರು ಒಬ್ಬರಾಗುವುದಿಲ್ಲ. ನ್ಯಾಯಮೂರ್ತಿಗಳು ಪೆನ್ನು ಕೆಳಗಿಟ್ಟು ಕೇಳಿದರು. ಹೊರಗೆ ಬಂದಾಗ ನೀಲವ್ವ, "ಇಂಗ್ಲೀಷಿನ್ಯಾಗ ನನ್ನ ಸಲುವಾಗಿ ಅಷ್ಟೊತ್ತು ಮಾತಾಡಿದ್ರಲ್ರಿ," ಎಂದಳು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಿತ್ತು.

ತೀರ್ಪು ಹೇಳುವ ಹೊತ್ತಿಗೆ ಕಾಲ ಬದಲಾಗಿತ್ತು, ಕಲಾಪವೆಲ್ಲ ಪರದೆಯ ಮೇಲೆ. ಸಿಂದಗಿಯ ವಕೀಲರ ಕೊಠಡಿಯಲ್ಲೇ ಕಂಪ್ಯೂಟರಿನ ಎದುರು ಕೂತೆವು, ಪಕ್ಕದಲ್ಲಿ ನೀಲವ್ವ ಮತ್ತು ಭೀಮಣ್ಣ. ನ್ಯಾಯಮೂರ್ತಿಗಳು ಓದತೊಡಗಿದರು. ಇಬ್ಬರನ್ನು ಒಬ್ಬರೆಂದು ಎಣಿಸುವುದು ಗದ್ದೆಯ ರೂಢಿ ಇರಬಹುದು, ಅದು ಕಾನೂನಿನ ರೂಢಿಯಲ್ಲ. ಈ ಹೆಣ್ಣುಮಗಳು ತನ್ನಷ್ಟಕ್ಕೆ ತಾನೇ ಒಬ್ಬ ಕೆಲಸಗಾರ್ತಿ. ಕೊಠಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕನ್ನಡದಲ್ಲಿ ಹೇಳಿದಾಗ ನೀಲವ್ವ, "ಹಂಗಾರ ನನ್ನ ಎಣಿಸ್ಯಾರೇನ್ರಿ?" ಎಂದಳು. ಅಷ್ಟರಲ್ಲಿ ನ್ಯಾಯಮೂರ್ತಿಗಳ ಬಾಯಿ ತೆರೆದದ್ದು ತೆರೆದಂತೆಯೇ ಪರದೆ ನಿಂತುಬಿಟ್ಟಿತು. ಎಷ್ಟು ತಡಕಾಡಿದರೂ ಮತ್ತೆ ಹತ್ತಲಿಲ್ಲ. ಇರಲಿ, ಗೆದ್ದೆವಲ್ಲ ಎಂದು ಎದ್ದೆವು.

ಉಳಿದರ್ಧ ತೀರ್ಪಿನ ಪ್ರತಿ ಬಂದಾಗ ಓದಲು ಸಿಕ್ಕಿತು. ಇಬ್ಬರು ಇಬ್ಬರೇ ಆದ ಮೇಲೆ ಟೋಳಿಯಲ್ಲಿ ನಲವತ್ತು ಕೆಲಸಗಾರರಿದ್ದರು, ವಿಮೆ ಇದ್ದದ್ದು ಇಪ್ಪತ್ತೇ ಮಂದಿಗೆ, ಅಂದರೆ ಕರಾರು ಮಾಡಿಕೊಂಡ ಗಂಡಸರಿಗೆ. ಇಪ್ಪತ್ತಕ್ಕೇ ಮಾಡಿಸಿದೆ ಎಂದು ಮುಕಾದಮನೇ ಒಪ್ಪಿದ್ದಾನೆ. ಆದ್ದರಿಂದ ಕಂಪನಿಗೆ ಹೊಣೆಯಿಲ್ಲ. ಪರಿಹಾರವನ್ನು ಬಡ್ಡಿಸಮೇತ ಮಾಲೀಕನಾದ ಭೀಮಣ್ಣನೇ ಕೊಡಬೇಕು. ಕಾರ್ಖಾನೆಯ ವಿಷಯ ಸಂಗತಿಗೆ ಸಂಬಂಧಿಸಿದ್ದು, ಆಯುಕ್ತರ ಮಾತೇ ಕೊನೆ. ದಿಲ್ಲಿಗೂ ಹೋದೆವು. ಅಲ್ಲಿ ಒಂದೇ ಸಾಲಿನಲ್ಲಿ ವಜಾ ಆಯಿತು.

ಸುಮಂಗಲಾ, ನೀನು ಓದಿದ್ದು ಆ ತೀರ್ಪಿನ ಮೊದಲರ್ಧ. ಎರಡನೇ ಅರ್ಧವನ್ನು ಕಂಪನಿಗಳ ವಕೀಲರು ಓದುತ್ತಾರೆ. ಗಂಡನ ಜತೆ ಒಂದು ಎಂದು ಎಣಿಸಿದ್ದರೆ ನೀಲವ್ವ ಕೆಲಸಗಾರ್ತಿಯೇ ಆಗುತ್ತಿರಲಿಲ್ಲ, ಬೇರೆ ಎಂದು ಎಣಿಸಿದ್ದರಿಂದ ವಿಮೆಯ ಹೊರಗೆ ಬಿದ್ದಳು. ನಾನು ವಾದಿಸಿದ್ದೇ ಸರಿಯೆಂದು ಕೋರ್ಟು ಒಪ್ಪಿ ಅವಳನ್ನು ಬರಿಗೈಯಲ್ಲಿ ಕಳಿಸಿತು. ಇಂಥ ಗೆಲುವು ನಿನಗೆ ಬರದಿರಲಿ.

ವಸೂಲಿಯ ದಾರಿ ಇತ್ತು. ಆಯುಕ್ತರು ತಹಶೀಲ್ದಾರರಿಗೆ ಬರೆದರೆ ಕಂದಾಯ ಬಾಕಿಯಂತೆ ಭೀಮಣ್ಣನ ಮನೆ ಹೊಲ ಜಪ್ತಿ ಮಾಡಬಹುದು. ಮೊದಲು ಭೀಮಣ್ಣನೇ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಜಪ್ತಿ ಮಾಡಸ್ರಿ. ಆಕೀದು ಆಕೀಗೆ ಮುಟ್ಲಿ. ನಾ ಇಪ್ಪತ್ತ ಅಂದದ್ದಕ್ಕ ಹಿಂಗಾತು."

"ನೀ ಸುಳ್ಳ ಹೇಳಲಿಲ್ಲ, ಭೀಮಣ್ಣ."

"ಸುಳ್ಳ ಹೇಳಿದ್ರ ಛಲೋ ಆಗತಿತ್ತಲ್ರಿ," ಎಂದು ಮೆಟ್ಟಿಲಿಳಿದು ಹೋದ.

ಮರುವಾರ ನೀಲವ್ವ ಬಂದಳು. ಜಪ್ತಿ ಎಂದರೇನೆಂದು ಬಿಡಿಸಿ ಹೇಳಿಸಿಕೊಂಡಳು. ಮನೆ ಹರಾಜಾಗುತ್ತದೆಯೇ, ವೈನಿ, ಎಂದರೆ ಅತ್ತಿಗೆ, ಮಕ್ಕಳು ಎಲ್ಲಿ ಹೋಗುತ್ತಾರೆ ಎಂದೆಲ್ಲ ಕೇಳಿದಳು.

"ಆ ಕಾಗದ ಕಳಸಬ್ಯಾಡ್ರಿ," ಎಂದಳು ಕೊನೆಗೆ. "ಪಂಚಮಿಗೆ ನನ್ನ ಕರಿಯಾಕ ಬರಾಂವ ಅವನ ಒಬ್ಬ ಅದಾನ. ಆ ಮನಿ ಹೋದ್ರ ನನಗ ತವರ ಎಲ್ಲೈತ್ರಿ?"

ಜಪ್ತಿಯ ಅರ್ಜಿಯನ್ನು ಅವಳ ಎದುರಿಗೇ ಮಡಚಿ ಕಡತದೊಳಗೆ ಇಟ್ಟೆ. ಕಾಗದ ಕಳಿಸಲಿಲ್ಲ.

ಆ ವರ್ಷ ನಾಗರ ಪಂಚಮಿಯ ಹಿಂದಿನ ದಿನ, ಮನೆಮನೆಯಲ್ಲೂ ರೊಟ್ಟಿ ಬಡಿಯುವ ರೊಟ್ಟಿ ಪಂಚಮಿಯಂದು, ಸಿಂದಗಿ ಬಸ್ ನಿಲ್ದಾಣದಲ್ಲಿ ನೀಲವ್ವ ಒಬ್ಬಳೇ ಕಂಡಳು. ಎಡ ಹೆಗಲಿಗೆ ಚೀಲ, ಹೊಸ ಸೀರೆ.

"ಅಣ್ಣ ಕರಿಯಾಕ ಬಂದಿಲ್ಲೇನವ್ವ?"

"ಎಲ್ಲಿಂದ ಬರ್ತಾನ್ರಿ. ತೀರ್ಪು ಆದಾಗಿಂದ ನನ್ನ ಕೈ ನೋಡೂ ಧೈರ್ಯಿಲ್ಲ ಅವಂಗ. ಅದಕ್ಕ ನಾನ ಹೊಂಟೇನಿ. ಶೇಂಗಾ ಉಂಡಿ ಕಟ್ಟೇನ್ರಿ, ಒಂದ ಕೈಲೆ. ಗುಂಡ ಆಗಿಲ್ಲ ನೋಡ್ರಿ." ಚೀಲ ತೆರೆದು ತೋರಿಸಿ ನಕ್ಕಳು. ದೇವಣಗಾಂವದ ಬಸ್ಸು ಬಂದಾಗ ಚೀಲವನ್ನು ನಾನೇ ಎತ್ತಿ ಒಳಗೆ ಕೊಟ್ಟೆ. ಹಬ್ಬದ ಚೀಲ, ತೂಕವಾಗಿಯೇ ಇತ್ತು.

ಸಂಜೆ ಕೋರ್ಟು ಮುಗಿಸಿ ಅದೇ ದಾರಿಯಲ್ಲಿ ಬರುವಾಗ ಅವಳು ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ಈಗ ಇಂಡಿ ಕಡೆಯ ಬಸ್ಸಿಗೆ ಕಾಯುತ್ತಿದ್ದಳು. ನಾನು ಕೇಳುವ ಮೊದಲೇ ಹೇಳಿದಳು.

"ಬಾಗಲಾ ಹಾಕಿತ್ರಿ. ಒಳಗ ವೈನಿ ರೊಟ್ಟಿ ಬಡಿಯೂ ಸಪ್ಪಳ ಕೇಳಾಕತ್ತಿತ್ತು. ಅಣ್ಣಾ, ನಾ ನೀಲವ್ವ ಬಂದೇನಿ ಅಂತ ಒದರಿದೆ." ಸೆರಗನ್ನು ಮೊಣಕೈ ಮೇಲೆ ಸರಿಪಡಿಸಿಕೊಂಡಳು. "ಒದರಿದಕೂಡ್ಲೆ ಸಪ್ಪಳ ನಿಂತತ್ರಿ."

ಬಸ್ಸು ಬಂತು. ಚೀಲವನ್ನು ಮತ್ತೆ ನಾನೇ ಎತ್ತಿ ಕೊಟ್ಟೆ. ಬೆಳಿಗ್ಗೆ ಎಷ್ಟು ತೂಕವಿತ್ತೋ ಅಷ್ಟೇ ಇತ್ತು.